ಕಾಡುಗೆಣಸು, ಒಂದು ಮಾತ್ರೆ ಮತ್ತು ನಮ್ಮಕ್ಕ

ಎರಡು ವರ್ಷದ ಹಿಂದಿನ ಮಾತು. ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟು ರಾತ್ರಿಯಿಡೀ ಕಾಲ್‌ನಲ್ಲಿದ್ದೆ. ಬೆಳಗ್ಗೆ ಕಣ್ಣು ಉರೀತಾ ಕಾಫಿ ಕುಡಿಯುವಾಗ ಅಕ್ಕನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಬಿಳಿ ಡಬ್ಬಿ, ಅದರ ಮೇಲೆ ಹಸಿರು ಬಳ್ಳಿ, ಹೃದಯದಾಕಾರದ ಎಲೆ. 'ವೈಲ್ಡ್ ಯಾಮ್ ಕ್ರೀಮ್, ನೂರಕ್ಕೆ ನೂರು ನ್ಯಾಚುರಲ್' ಅಂತ ಬರೆದಿತ್ತು. ಹಿಂದೆಯೇ ವಾಯ್ಸ್ ಮೆಸೇಜು: "ಲೋ, ಇದು ನಮ್ಮ ಕಾಡುಗೆಣಸೇ ಕಣೋ. ಅದರಲ್ಲಿ ಹಾರ್ಮೋನ್ ಇರುತ್ತಂತೆ. ಸೈಡ್ ಎಫೆಕ್ಟ್ ಏನೂ ಇಲ್ವಂತೆ. ನಾಲ್ಕು ತಿಂಗಳಿಂದ ಹಚ್ಕೊತಾ ಇದೀನಿ."

'ಯಾಕೆ ಹಚ್ಕೊತಾ ಇದೀಯ' ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. "ಪರವಾಗಿಲ್ವೇ, ನಮ್ಮ ಗೆಣಸು ಡಬ್ಬಿ ಸೇರ್ಕೊಂಡಿದೆ" ಅಂತ ಟೈಪ್ ಮಾಡಿ, ಒಂದು ನಗುವ ಇಮೋಜಿ ಹಾಕಿ ಮಲಗಿಬಿಟ್ಟೆ. ಅದಾದ ಎರಡು ತಿಂಗಳಿಗೆ ಅಕ್ಕ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.8. ವರ್ಷದಿಂದ ಮುಟ್ಟಿನ ಸಮಯದಲ್ಲಿ ವಿಪರೀತ ರಕ್ತ ಹೋಗುತ್ತಿತ್ತಂತೆ. ಹಿಂದೊಮ್ಮೆ ಡಾಕ್ಟರ ಹತ್ತಿರ ಹೋದಾಗ ಸ್ಕ್ಯಾನ್ ಮಾಡಿಸಿ ಅಂದು, ಒಂದು ಮಾತ್ರೆ ಬರೆದುಕೊಟ್ಟಿದ್ದರಂತೆ. ಅದು 'ಹಾರ್ಮೋನ್ ಮಾತ್ರೆ' ಅಂತ ಗೊತ್ತಾದ ತಕ್ಷಣ ಅಕ್ಕ ಹೆದರಿ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡು, ಆ ಕ್ರೀಮ್ ತರಿಸಿದ್ದಾಳೆ. ಕೆಮಿಕಲ್ ಯಾಕೆ, ಗೆಣಸೇ ಇರುವಾಗ?

(ಇದನ್ನೆಲ್ಲ ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರಿ, ಇನ್ನೊಬ್ಬಳಾದ್ರೂ ಬೇಗ ತೋರಿಸ್ಕೊಳ್ಲಿ" ಅಂದಳು.)

ಆಸ್ಪತ್ರೆಯ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಆ ಹಳೆಯ ಚೀಟಿಯಲ್ಲಿದ್ದ ಮಾತ್ರೆಯ ಹೆಸರು ಹುಡುಕಿದೆ. ನಾರ್ಎಥಿಸ್ಟೆರೋನ್. ಅದರ ಚರಿತ್ರೆ ಓದುತ್ತಾ ಹೋದಂತೆ ತಲೆ ಇನ್ನಷ್ಟು ಬಿಸಿಯಾಯಿತು. ಅಕ್ಕ ಬೇಡ ಅಂತ ಪರ್ಸಿನಲ್ಲಿಟ್ಟ ಮಾತ್ರೆಯೇ ಕಾಡುಗೆಣಸಿನಿಂದ ಹುಟ್ಟಿದ್ದು. ಕಾಡುಗೆಣಸು ಅಂತ ನಂಬಿ ಹಚ್ಚಿಕೊಂಡ ಕ್ರೀಮಿನಲ್ಲಿ ಆ ಶಕ್ತಿ ಇರಲೇ ಇಲ್ಲ.

ಈ ಕಥೆ ಶುರುವಾಗೋದು ಮೆಕ್ಸಿಕೋದಲ್ಲಿ. ಅಲ್ಲಿಗೆ ಹೋಗುವ ಮೊದಲು ಗೆಣಸು ಅಂದರೆ ಯಾವುದು ಅಂತ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಗೆಣಸು ಅಂದರೆ ಸಂಕ್ರಾಂತಿಗೆ ಬೇಯಿಸುವ ಸಿಹಿಗೆಣಸು. ಅದರ ಕುಲವೇ ಬೇರೆ. ನಮ್ಮೂರು ಹೆಗ್ಗಡದೇವನಕೋಟೆ ಕಡೆ, ಕಾಡಂಚಿನಲ್ಲಿ. ಅಲ್ಲಿ ಕಾಡುಗೆಣಸು ಅಂದರೆ ಮರಕ್ಕೆ ಹಬ್ಬುವ ಬಳ್ಳಿಯ ಬುಡದಲ್ಲಿ, ಮಣ್ಣಿನ ಆಳದಲ್ಲಿ ಬೆಳೆಯುವ ಗೆಡ್ಡೆ. ಜೇನುಕುರುಬರ ಹಾಡಿಯಿಂದ ಒಬ್ಬ ಅಜ್ಜ ಅದನ್ನು ತಂದು ನಮ್ಮ ಮನೆಯಲ್ಲಿ ಕೊಟ್ಟು ರಾಗಿ ಒಯ್ಯುತ್ತಿದ್ದರು. ಅವರು ಅದನ್ನು ನೂರೆ ಅನ್ನುತ್ತಿದ್ದರು. ಒಮ್ಮೆ ಅವರ ಹಿಂದೆ ನಾನೂ ಹೋಗಿದ್ದೆ. ಹಾರೆಯಲ್ಲಿ ಆಳುದ್ದ ತೋಡಿ ಗೆಡ್ಡೆ ತೆಗೆದು, ಬಳ್ಳಿ ಅಂಟಿದ್ದ ತಲೆಯ ಭಾಗವನ್ನು ಕೊಯ್ದು ವಾಪಸ್ ಗುಂಡಿಗಿಟ್ಟು ಮಣ್ಣು ಮುಚ್ಚಿದರು. "ಯಾಕಜ್ಜ?" ಅಂದೆ. "ಮುಂದಿನ ವರ್ಸ ನಾವು ತಿನ್ನೋದು ಬ್ಯಾಡ್ವಾ?" ಅಂದರು.

ವಿಜ್ಞಾನದಲ್ಲಿ ಈ ಬಳ್ಳಿಗಳ ಕುಲಕ್ಕೆ ಡಯಾಸ್ಕೋರಿಯಾ ಅಂತ ಹೆಸರು. ಜಗತ್ತಿನಲ್ಲಿ ಇವುಗಳ ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ಕೆಲವನ್ನು ಬೇಯಿಸಿ ತಿನ್ನಬಹುದು. ಕೆಲವು ಕಹಿ, ಕೆಲವು ನೇರ ವಿಷ. ಹಿಸ್ಪಿಡಾ ಅನ್ನುವ ಜಾತಿಯಲ್ಲಿ ಡಯಾಸ್ಕೋರಿನ್ ಎಂಬ ಆಲ್ಕಲಾಯ್ಡ್ ಇದ್ದು, ಸರಿಯಾಗಿ ತೊಳೆಯದೆ ತಿಂದರೆ ಫಿಟ್ಸ್ ಬರುವಷ್ಟು ಅಪಾಯ. ಅದನ್ನು ತಿನ್ನುವ ಜನ ತೆಳ್ಳಗೆ ಹೆಚ್ಚಿ ಹರಿಯುವ ನೀರಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಬಲ್ಬಿಫೆರಾ ಅನ್ನುವ ಇನ್ನೊಂದು ಜಾತಿಯನ್ನು ಚೀನಾದ ನಾಟಿ ವೈದ್ಯದಲ್ಲಿ ಔಷಧವಾಗಿ ಬಳಸುತ್ತಾರೆ. ಅದನ್ನು ಕುಡಿದು ಲಿವರ್ ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಸಾಕಷ್ಟಿವೆ. ನಮ್ಮಜ್ಜಿಯೂ ಕಹಿ ಜಾತಿಯ ಗೆಡ್ಡೆ ಬಂದರೆ ಬೂದಿ ಹಾಕಿ ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ತೊಳೆಯುತ್ತಿದ್ದಳು. ಕಾಡಲ್ಲಿ ಬೆಳೆದಿದ್ದೆಲ್ಲ ಒಳ್ಳೆಯದು ಅನ್ನೋ ಮಾತು ಕಾಡಂಚಿನ ಯಾವ ಅಜ್ಜಿಯ ಬಾಯಲ್ಲೂ ನಾನು ಕೇಳಿಲ್ಲ. ಆ ಮಾತು ಡಬ್ಬಿಗಳ ಮೇಲೆ ಮಾತ್ರ ಇರುತ್ತದೆ.

ಈಗ ಹಾರ್ಮೋನಿಗೆ ಬರೋಣ. ಪ್ರೊಜೆಸ್ಟೆರೋನ್ ಅನ್ನೋದು ಹೆಂಗಸರ ಅಂಡಾಶಯದಲ್ಲಿ ತಯಾರಾಗುವ ಹಾರ್ಮೋನು. ಗರ್ಭ ನಿಲ್ಲಲು, ಮುಟ್ಟಿನ ಚಕ್ರ ಸರಿಯಾಗಿರಲು ಅದು ಬೇಕು. 1930ರ ದಶಕದಲ್ಲಿ ಅದನ್ನು ಪಡೆಯುವ ದಾರಿ ಕಸಾಯಿಖಾನೆಯಿಂದ ಹೋಗುತ್ತಿತ್ತು. ಜರ್ಮನಿಯ ಬ್ಯೂಟೆನಾಂಟ್ 50,000 ಹಂದಿಗಳ ಅಂಡಾಶಯ ಅರೆದು ಪಡೆದ ಶುದ್ಧ ಪ್ರೊಜೆಸ್ಟೆರೋನ್ ಬರೀ 20 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಕಡಿಮೆ! ಹೀಗಾಗಿ ಅದು ಬಡವರ ಔಷಧ ಆಗುವ ಮಾತೇ ಇರಲಿಲ್ಲ.

ಇಲ್ಲಿ ಬರ್ತಾನೆ ನಮ್ಮ ಹೀರೊ, ರಸೆಲ್ ಮಾರ್ಕರ್. 1902ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹುಟ್ಟಿದ ಮಹಾ ಹಟಮಾರಿ. ಪಿಎಚ್‌ಡಿಯ ಸಂಶೋಧನೆ ಮುಗಿದಿತ್ತು. ಫಿಸಿಕಲ್ ಕೆಮಿಸ್ಟ್ರಿ ಕೋರ್ಸು ಕಡ್ಡಾಯ ಅಂದರು. 'ಅದನ್ನು ಓದಲ್ಲ' ಅಂತ ಡಿಗ್ರಿಯನ್ನೇ ಬಿಟ್ಟು ಎದ್ದುಹೋದ. ಮುಂದೆ ಪೆಟ್ರೋಲ್ ಕಂಪನಿಯೊಂದರಲ್ಲಿದ್ದಾಗ ಆಕ್ಟೇನ್ ರೇಟಿಂಗ್ ವ್ಯವಸ್ಥೆ ರೂಪಿಸಿದವನು ಇವನೇ. ಬಂಕ್‌ನಲ್ಲಿ ನಾವು ನೋಡುವ 91, 95ರ ಹಿಂದೆ ಇವನ ಕೈಯಿದೆ. ಆಮೇಲೆ ರಾಕ್‌ಫೆಲ್ಲರ್ ಸಂಸ್ಥೆ. ಗಿಡಗಳಿಂದ ಸ್ಟೀರಾಯ್ಡ್ ತೆಗೆಯುವ ಕೆಲಸ ಮಾಡ್ತೀನಿ ಅಂದಾಗ ಅಲ್ಲಿ ಒಪ್ಪಲಿಲ್ಲ. ಅದನ್ನೂ ಬಿಟ್ಟು 1935ರಲ್ಲಿ ಪೆನ್ ಸ್ಟೇಟ್ ಕಾಲೇಜಿಗೆ ಕಡಿಮೆ ಸಂಬಳಕ್ಕೆ ಹೋದ.

ಅವನ ಲೆಕ್ಕಾಚಾರ ಹೀಗಿತ್ತು. ಕೆಲವು ಗಿಡಗಳ ಬೇರಿನಲ್ಲಿ ಸಪೋನಿನ್ ಇರುತ್ತದೆ. ಸೀಗೆಕಾಯಿ, ಅಂಟುವಾಳ ನೊರೆ ಬರೋದು ಸಪೋನಿನ್‌ನಿಂದಲೇ. ನಮ್ಮ ಕಡೆ ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿದರೆ ಮೀನು ಮಂಕಾಗಿ ತೇಲುತ್ತದಲ್ಲ, ಅದೂ ಇದೇ ವರ್ಗದ ವಸ್ತುವಿನ ಪ್ರಭಾವ. ಕೆಲವು ಸಪೋನಿನ್‌ಗಳಿಂದ ಸಕ್ಕರೆಯ ಭಾಗ ತೆಗೆದರೆ ಉಳಿಯೋದು ಸ್ಟೀರಾಯ್ಡ್‌ನ ಅಸ್ಥಿಪಂಜರ, ಅಂದರೆ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಉಂಗುರ. ಪ್ರೊಜೆಸ್ಟೆರೋನಿನಲ್ಲೂ ಅವೇ ನಾಲ್ಕು ಉಂಗುರಗಳಿವೆ. ವ್ಯತ್ಯಾಸ ಇರೋದು ಪಕ್ಕದ ಬಾಲದಲ್ಲಿ. 1936ರಲ್ಲಿ ಜಪಾನಿನ ಸಂಶೋಧಕರು ಅಲ್ಲಿನ ಕಾಡುಗೆಣಸಿನಿಂದ ಡಯೋಸ್ಜೆನಿನ್ ಎಂಬ ಇಂಥದೇ ಒಂದು ವಸ್ತು ತೆಗೆದಿದ್ದರು. ಅದರಲ್ಲಿ 27 ಇಂಗಾಲದ ಪರಮಾಣುಗಳು, ಪ್ರೊಜೆಸ್ಟೆರೋನಿನಲ್ಲಿ 21. ಬೇಡದ ಆರನ್ನು ಕತ್ತರಿಸಬೇಕು.

ಎಲ್ಲರೂ ಆ ಬಾಲ ಬಗ್ಗಲ್ಲ ಅಂದುಕೊಂಡಿದ್ದರು. ಮಾರ್ಕರ್ ಅದನ್ನು ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಸುಮಾರು 200 ಡಿಗ್ರಿಗೆ ಕಾಯಿಸಿದ. ಉಂಗುರ ಬಿಚ್ಚಿಕೊಂಡಿತು. ಮೇಲೆ ಕ್ರೋಮಿಕ್ ಆಮ್ಲ ಹಾಕಿ ಬಾಲ ಕತ್ತರಿಸಿದ. ಇನ್ನೂ ಒಂದೆರಡು ಹಂತ ದಾಟಿದರೆ ಪ್ರೊಜೆಸ್ಟೆರೋನ್. ಇದಕ್ಕೆ ಇವತ್ತಿಗೂ 'ಮಾರ್ಕರ್ ಡಿಗ್ರಡೇಶನ್' ಅಂತಲೇ ಹೆಸರು. ಇಲ್ಲಿ ಒಂದು ಕ್ಷಣ ನಿಲ್ಲಿ. 200 ಡಿಗ್ರಿ, ಕ್ರೋಮಿಕ್ ಆಮ್ಲ. ಈ ಕೆಲಸ ಮಾಡೋಕೆ ನಮ್ಮ ಚರ್ಮಕ್ಕೆ, ಹೊಟ್ಟೆಗೆ, ಲಿವರಿಗೆ ಬರಲ್ಲ. ಡಯೋಸ್ಜೆನಿನ್ ಅನ್ನು ಪ್ರೊಜೆಸ್ಟೆರೋನ್ ಮಾಡುವ ವ್ಯವಸ್ಥೆ ಮನುಷ್ಯನ ಮೈಯಲ್ಲಿ ಇಲ್ಲವೇ ಇಲ್ಲ. ಅಕ್ಕನ ಡಬ್ಬಿ ಸುಳ್ಳಾಗೋದು ಇಲ್ಲೇ.

ಈಗ ಬೇಕಾಗಿದ್ದು ಡಯೋಸ್ಜೆನಿನ್ ಹೇರಳವಾಗಿರುವ ಗೆಡ್ಡೆ. ಅಂಥವು ಕೆಲವೇ ಜಾತಿ. ಟೆಕ್ಸಾಸ್‌ನಲ್ಲಿ ಸಸ್ಯಶಾಸ್ತ್ರಜ್ಞರೊಬ್ಬರ ಮನೆಯಲ್ಲಿ ಉಳಿದಿದ್ದಾಗ ಮಾರ್ಕರ್ ಅಲ್ಲಿದ್ದ ಪುಸ್ತಕವೊಂದನ್ನು ತಿರುವಿಹಾಕಿದ. ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದಲ್ಲಿ, ಒರಿಸಾಬಾ ಮತ್ತು ಕೊರ್ಡೋಬಾ ನಡುವಿನ ರಸ್ತೆ ಹಳ್ಳ ದಾಟುವ ಕಡೆ, ಭಾರೀ ಗಾತ್ರದ ಡಯಾಸ್ಕೋರಿಯಾ ಗೆಡ್ಡೆ ಇದೆ ಅಂತ ಅದರಲ್ಲಿತ್ತು. 1942ರ ಜನವರಿ. ಅಮೆರಿಕ ಯುದ್ಧಕ್ಕಿಳಿದು ಒಂದು ತಿಂಗಳಷ್ಟೇ. ರಾಯಭಾರ ಕಚೇರಿ ಹೋಗಬೇಡ ಅಂದರೂ ಕೇಳದೆ ಬಸ್ ಹತ್ತಿದ. ಹಳ್ಳದ ಪಕ್ಕದಲ್ಲಿ ಒಂದು ಸಣ್ಣ ಅಂಗಡಿ, ಮಾಲೀಕ ಆಲ್ಬರ್ಟೊ ಮೊರೆನೊ. ಇವನಿಗೆ ಸ್ಪ್ಯಾನಿಷ್ ಬರಲ್ಲ, ಅವನಿಗೆ ಇಂಗ್ಲಿಷ್ ಬರಲ್ಲ. ಹೇಗೋ ವಿಷಯ ಅರ್ಥವಾಗಿ, ಮಾರನೆಯ ದಿನ ಮೊರೆನೊ ಎರಡು ಚೀಲ ಗೆಡ್ಡೆ ತಂದಿಟ್ಟ. ಬಸ್ಸಿನ ಟಾಪಿಗೆ ಹಾಕಿದ ಚೀಲಗಳು ಕಳುವಾದವು. ಪೊಲೀಸನೊಬ್ಬನಿಗೆ ದುಡ್ಡು ಕೊಟ್ಟ ಮೇಲೆ ಒಂದು ಚೀಲ ವಾಪಸ್ ಬಂತು. ಜಗತ್ತಿನ ಹಾರ್ಮೋನ್ ಉದ್ಯಮ ಶುರುವಾಗಿದ್ದು ಆ ಒಂದು ಚೀಲದಿಂದ.

ಅವನ ಸಂಶೋಧನೆಗೆ ದುಡ್ಡು ಹಾಕುತ್ತಿದ್ದ ಪಾರ್ಕ್-ಡೇವಿಸ್ ಕಂಪನಿ, ಮೆಕ್ಸಿಕೋದಲ್ಲಿ ಕಾರ್ಖಾನೆ ಮಾಡೋದು ಆಗದ ಮಾತು ಅಂದಿತು. ಮಾರ್ಕರ್ ತನ್ನ ಉಳಿತಾಯ ತೆಗೆದುಕೊಂಡು ಮತ್ತೆ ಹೋದ. ಮೊರೆನೊ ಊರಿನವರನ್ನು ಕೂಡಿಸಿ ಸುಮಾರು 10 ಟನ್ ಗೆಡ್ಡೆ ಅಗೆಸಿ, ಹೆಚ್ಚಿಸಿ, ಒಣಗಿಸಿ ಕೊಟ್ಟ. ಅದರಿಂದ ಸಿಕ್ಕಿದ್ದು 3 ಕಿಲೋ ಪ್ರೊಜೆಸ್ಟೆರೋನ್. ಆಗಿನ ಬೆಲೆ ಗ್ರಾಮಿಗೆ ಸುಮಾರು 80 ಡಾಲರ್. ಲೆಕ್ಕ ನೀವೇ ಹಾಕಿ.

ಮೆಕ್ಸಿಕೋ ಸಿಟಿಯಲ್ಲಿ ಟೆಲಿಫೋನ್ ಡೈರೆಕ್ಟರಿ ತೆಗೆದು 'ಹಾರ್ಮೋನ್' ಅಂತ ಹೆಸರಿರುವ ಕಂಪನಿ ಹುಡುಕಿದ. ಸಿಕ್ಕ ಲ್ಯಾಬಿನ ಮಾಲೀಕರ ಜೊತೆ ಪಾಲುದಾರಿಕೆ ಮಾಡಿಕೊಂಡು 1944ರಲ್ಲಿ ಸಿಂಟೆಕ್ಸ್ ಕಂಪನಿ ಶುರುವಾಯಿತು. ಸ್ಟಾರ್ಟಪ್ ಕಥೆ ಅಂದಮೇಲೆ ಮುಂದಿನದು ಗೊತ್ತಲ್ಲ. ಮರುವರ್ಷವೇ ಪಾಲಿನ ದುಡ್ಡಿನ ವಿಚಾರಕ್ಕೆ ಜಗಳ, ಮಾರ್ಕರ್ ಹೊರಗೆ. ಹೋಗುವಾಗ ಪ್ರಕ್ರಿಯೆಯನ್ನು ತಲೆಯಲ್ಲಿಟ್ಟುಕೊಂಡೇ ಹೋದ. ಲ್ಯಾಬಿನ ಬಾಟಲಿಗಳ ಮೇಲೆ ರಾಸಾಯನಿಕಗಳ ಹೆಸರಿರಲಿಲ್ಲ, ಅವನಿಗೆ ಮಾತ್ರ ಗೊತ್ತಿದ್ದ ಸಂಕೇತಗಳಿದ್ದವು. ಕೆಲಸದವರಿಗೆ ತಾವು ಏನನ್ನು ಏನಕ್ಕೆ ಸುರಿಯುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. ಡಾಕ್ಯುಮೆಂಟೇಶನ್ ಇಲ್ಲದ ಕೋಡ್ ಬರೆದು ನೋಟಿಸ್ ಪೀರಿಯಡ್ಡೂ ಮಾಡದೆ ಹೋಗುವ ಸಹೋದ್ಯೋಗಿ ನಿಮ್ಮ ಟೀಮಿನಲ್ಲಿದ್ದಿದ್ದರೆ ಸಿಂಟೆಕ್ಸ್‌ನ ಸಂಕಟ ಅರ್ಥವಾಗುತ್ತದೆ. ಆ ಕೋಡನ್ನು ಬಿಡಿಸೋಕೆ ಬಂದವರು ಜಾರ್ಜ್ ರೋಸೆನ್‌ಕ್ರಾಂಜ್. ಹಂಗೇರಿಯ ಯಹೂದಿ, ಯುದ್ಧದಿಂದಾಗಿ ಕ್ಯೂಬಾದಲ್ಲಿ ಸಿಕ್ಕಿಹಾಕಿಕೊಂಡಿದ್ದ ರಸಾಯನಶಾಸ್ತ್ರಜ್ಞ. ಎಲ್ಲವನ್ನೂ ಮೊದಲಿಂದ ಕಟ್ಟಿದರು.

ಪ್ರೊಜೆಸ್ಟೆರೋನಿಗೆ ಇನ್ನೊಂದು ತೊಂದರೆ ಇತ್ತು. ಬಾಯಲ್ಲಿ ನುಂಗಿದರೆ ಬಹುಪಾಲು ವ್ಯರ್ಥ, ಇಂಜೆಕ್ಷನ್ನೇ ಆಗಬೇಕು. ನುಂಗಿದರೂ ಕೆಲಸ ಮಾಡುವ ರೂಪಕ್ಕಾಗಿ ರೋಸೆನ್‌ಕ್ರಾಂಜ್ ಮತ್ತು ಕಾರ್ಲ್ ಜೆರಾಸಿ ಹುಡುಕುತ್ತಿದ್ದರು. 1951ರ ಅಕ್ಟೋಬರ್ 15ರಂದು ಅವರ ಲ್ಯಾಬಿನಲ್ಲಿ ಆ ಅಣುವಿನ ಕೊನೆಯ ಹಂತವನ್ನು ಕೈಯಾರೆ ಮಾಡಿ ಮುಗಿಸಿದವನು ಲೂಯಿಸ್ ಮಿರಾಮೊಂಟೆಸ್, 26 ವರ್ಷದ ಮೆಕ್ಸಿಕನ್ ಹುಡುಗ, ಇನ್ನೂ ಥೀಸಿಸ್ ಬರೆಯುತ್ತಿದ್ದ. ಆ ಅಣುವೇ ನಾರ್ಎಥಿಸ್ಟೆರೋನ್. ಅಕ್ಕನ ಪರ್ಸಿನ ಚೀಟಿಯಲ್ಲಿದ್ದ ಹೆಸರು.

ಗರ್ಭನಿರೋಧಕ ಮಾತ್ರೆಯ ಚರಿತ್ರೆಯಲ್ಲಿ ಈ ಹೆಸರು ದೊಡ್ಡದು. ಆದರೆ 1957ರಲ್ಲಿ ಇದು ಮೊದಲು ಮಾರುಕಟ್ಟೆಗೆ ಬಂದಿದ್ದು ಮುಟ್ಟಿನ ತೊಂದರೆಗಳಿಗೆ ಔಷಧವಾಗಿ. ಮಾರಿದವರು ಯಾರು ಗೊತ್ತಾ? ಮೆಕ್ಸಿಕೋದಲ್ಲಿ ಆಗದ ಕೆಲಸ ಅಂದಿದ್ದ ಅದೇ ಪಾರ್ಕ್-ಡೇವಿಸ್.

ಹೆಂಗಸರು ಹಾರ್ಮೋನ್ ಮಾತ್ರೆಗೆ ಹೆದರೋದು ದಡ್ಡತನ ಅಂತ ನಾನು ಹೇಳಲ್ಲ. ಆ ಹೆದರಿಕೆಗೂ ಚರಿತ್ರೆ ಇದೆ. ಸರ್ಲ್ ಕಂಪನಿ ಇದೇ ರೀತಿಯ ಇನ್ನೊಂದು ಅಣುವಿನಿಂದ ಮಾಡಿದ ಎನೋವಿಡ್ ಮಾತ್ರೆಯನ್ನು 1956ರಲ್ಲಿ ಪೋರ್ಟೊ ರಿಕೊದ ಬಡ ಹೆಂಗಸರ ಮೇಲೆ ಪರೀಕ್ಷಿಸಿದರು. ಇದು ಪ್ರಯೋಗ ಅಂತಲೇ ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಡೋಸ್ ಇವತ್ತಿನ ಮಾತ್ರೆಗಳಿಗೆ ಹೋಲಿಸಿದರೆ ಎಷ್ಟೋ ಪಟ್ಟು ಜಾಸ್ತಿ. ಅಲ್ಲಿನ ಉಸ್ತುವಾರಿಯಲ್ಲಿದ್ದ ಡಾ. ಎಡ್ರಿಸ್ ರೈಸ್-ರೇ, ಶೇಕಡಾ 17 ಮಂದಿಗೆ ತಲೆಸುತ್ತು, ವಾಂತಿಯಂಥ ತೊಂದರೆ ಆಗುತ್ತಿದೆ, ಇಷ್ಟು ಅಡ್ಡಪರಿಣಾಮ ಇರುವ ಮಾತ್ರೆ ಎಲ್ಲರಿಗೂ ಕೊಡುವಂಥದ್ದಲ್ಲ ಅಂತ ವರದಿ ಕೊಟ್ಟರು. ಅವರ ಮಾತನ್ನು ಬದಿಗಿಟ್ಟರು. ರಕ್ತ ಹೆಪ್ಪುಗಟ್ಟುವ ಅಪಾಯ ಬಯಲಾಗಿ ಡೋಸ್ ಕಡಿಮೆಯಾಗಿದ್ದು ಆಮೇಲೆ, ಲಕ್ಷಾಂತರ ಹೆಂಗಸರು ನುಂಗಿದ ಮೇಲೆ. ನಮಗೆ ಇವತ್ತು ಗೊತ್ತಿರುವ 'ಸುರಕ್ಷಿತ ಪ್ರಮಾಣ'ದ ಬೆಲೆಯನ್ನು ಯಾರೋ ಕಟ್ಟಿದ್ದಾರೆ.

ಬೆಲೆ ಕಟ್ಟಿದವರು ಇನ್ನೂ ಇದ್ದಾರೆ. ಮೊದಲ ಗೆಡ್ಡೆಗಿಂತ ಹಲವು ಪಟ್ಟು ಡಯೋಸ್ಜೆನಿನ್ ಇರುವ ಬಾರ್ಬಾಸ್ಕೊ ಎಂಬ ಜಾತಿ ಆಮೇಲೆ ಸಿಕ್ಕಿತು. ಬಾರ್ಬಾಸ್ಕೊ ಅಂದರೆ ಸ್ಪ್ಯಾನಿಷ್‌ನಲ್ಲಿ ಮೀನಿಗೆ ಹಾಕುವ ವಿಷದ ಗಿಡ, ನಮ್ಮ ಕಾರೆಕಾಯಿ ಥರ. ವೆರಾಕ್ರೂಸ್, ಓಹಾಕಾ, ಚಿಯಾಪಾಸ್ ಕಾಡುಗಳಲ್ಲಿ ಸಾವಿರಾರು ಬಡ ರೈತರು ಅದನ್ನು ಅಗೆದು ಬೆನ್ನ ಮೇಲೆ ಹೊತ್ತು ತಂದರು. 50ರ ದಶಕದಲ್ಲಿ ಜಗತ್ತಿನ ಸ್ಟೀರಾಯ್ಡ್ ಔಷಧಗಳ ಬಹುಪಾಲಿಗೆ ಇದೇ ಕಚ್ಚಾವಸ್ತು. ಕಾರ್ಟಿಸೋನ್ ಅಗ್ಗವಾಗಿ ಕೀಲುನೋವಿನವರ ಕೈಗೆ ಸಿಕ್ಕಿದ್ದೂ ಇದರಿಂದಲೇ. ಅಗೆದವರಿಗೆ ಕಿಲೋಗೆ ಪುಡಿಗಾಸು. ಇದು ಸೋಪು ಮಾಡೋಕೆ ಹೋಗುತ್ತೆ ಅಂತ ಅವರಲ್ಲಿ ಅನೇಕರು ಅಂದುಕೊಂಡಿದ್ದರಂತೆ. 1975ರಲ್ಲಿ ಮೆಕ್ಸಿಕೋ ಸರ್ಕಾರ ಪ್ರೊಕಿವೆಮೆಕ್ಸ್ ಎಂಬ ಸರ್ಕಾರಿ ಕಂಪನಿ ಮಾಡಿ, ಗೆಡ್ಡೆಗೆ ನ್ಯಾಯವಾದ ಬೆಲೆ ಕೇಳಿತು. ಔಷಧ ಕಂಪನಿಗಳು ಸೋಯಾದಂಥ ಬೇರೆ ಮೂಲಗಳ ಕಡೆ ತಿರುಗಿಕೊಂಡವು. ಅಗೆಯುವವರು ಅಲ್ಲೇ ಉಳಿದರು.

ನಮ್ಮ ದೇಶಕ್ಕೂ ಈ ಗೆಡ್ಡೆಯ ಬಿಸಿ ತಟ್ಟಿದೆ. ಹಿಮಾಲಯದ ಡಯಾಸ್ಕೋರಿಯಾ ಡೆಲ್ಟೋಯ್ಡಿಯಾವನ್ನು ಡಯೋಸ್ಜೆನಿನ್‌ಗಾಗಿ ಎಷ್ಟು ಅಗೆದರೆಂದರೆ, 1975ರಿಂದಲೇ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣ ಬಿತ್ತು. ಕಾಡು ಬರಿದಾಗುವ ಬದಲು ಹೊಲದಲ್ಲೇ ಬೆಳೆಯೋಣ ಅಂತ ಮಧ್ಯ ಅಮೆರಿಕದ ಫ್ಲೋರಿಬುಂಡಾ ಜಾತಿಯನ್ನು ತಂದು ಪಳಗಿಸಿದರು. ಎಲ್ಲಿ? ನಾವು ಭಾನುವಾರ ಬೈಕ್ ಹಾಕಿಕೊಂಡು ಹುಲ್ಲುಗಾವಲಿನ ಫೋಟೊ ತೆಗೆಯೋಕೆ ಹೋಗ್ತೀವಲ್ಲ, ಆ ಹೆಸರಘಟ್ಟದಲ್ಲಿ. ಅಲ್ಲಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಯ ಹೆಸರು 'ಅರ್ಕಾ ಉಪಕಾರ್'. ಹೆಸರೇನೋ ಚೆನ್ನಾಗಿದೆ.

ಇಷ್ಟೆಲ್ಲ ಆದಮೇಲೆ ಕ್ರೀಮಿನ ವಿಷಯ. ಅಮೆರಿಕದ ಕಾಡುಗೆಣಸು ವಿಲ್ಲೋಸಾವನ್ನು 19ನೇ ಶತಮಾನದಲ್ಲಿ ಅಲ್ಲಿನ ನಾಟಿ ವೈದ್ಯರು ಹೊಟ್ಟೆ ನುಲಿತಕ್ಕೆ ಕೊಡುತ್ತಿದ್ದರು. ಹಾರ್ಮೋನಿನ ಹೆಸರಲ್ಲಿ ಅದನ್ನು ಮಾರೋಕೆ ಶುರುಮಾಡಿದ್ದು ಲ್ಯಾಬಿನ ಕಥೆ ಪ್ರಸಿದ್ಧವಾದ ಮೇಲೆ. 'ಕಾಡುಗೆಣಸಿನಿಂದ ಪ್ರೊಜೆಸ್ಟೆರೋನ್ ಬರುತ್ತದೆ' ಅನ್ನೋ ನಿಜದಿಂದ ನಡುವಿನ ಕುಲುಮೆ, ಆಮ್ಲ, ರಸಾಯನಶಾಸ್ತ್ರಜ್ಞ ಎಲ್ಲವನ್ನೂ ಅಳಿಸಿದರೆ ಒಂದು ಚೆಂದದ ಸುಳ್ಳು ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ 23 ಹೆಂಗಸರ ಮೇಲೆ ಕಾಡುಗೆಣಸಿನ ಕ್ರೀಮನ್ನೂ ಬರೀ ಕ್ರೀಮನ್ನೂ ಹೋಲಿಸಿ ನೋಡಿದ, 2001ರಲ್ಲಿ ಪ್ರಕಟವಾದ ಅಧ್ಯಯನ ಇದೆ. ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ. ಮುಟ್ಟು ನಿಲ್ಲುವ ಕಾಲದ ತೊಂದರೆಗಳ ಮೇಲೆ ಹೇಳುವಂಥ ಪರಿಣಾಮವೂ ಕಾಣಲಿಲ್ಲ. ಹಾಗಾಗಿ 'ಸೈಡ್ ಎಫೆಕ್ಟ್ ಇಲ್ಲ' ಅನ್ನೋದು ಹೆಚ್ಚುಕಡಿಮೆ ನಿಜವೇ. ಅಕ್ಕನಿಗೆ ಆದ ಸೈಡ್ ಎಫೆಕ್ಟ್ ಅಂದರೆ ಕಳೆದುಹೋದ ಆರು ತಿಂಗಳು.

ಸ್ಕ್ಯಾನ್‌ನಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಕಂಡಿತು. ಡಾಕ್ಟರು ರಕ್ತಸ್ರಾವ ನಿಲ್ಲಿಸೋಕೆ ಅದೇ ನಾರ್ಎಥಿಸ್ಟೆರೋನ್ ಕೊಟ್ಟು, ಡ್ರಿಪ್‌ನಲ್ಲಿ ಕಬ್ಬಿಣಾಂಶ ಹಾಕಿ, ಚೇತರಿಸಿಕೊಂಡ ಮೇಲೆ ಆಪರೇಷನ್ ಮಾಡಿದರು. ಮಾತ್ರೆಯ ಹಾಳೆ ಕೈಗೆ ಬಂದಾಗ ಅಕ್ಕ ತಿರುಗಿಸಿ ನೋಡಿ, "ಅಯ್ಯೋ, ಇದನ್ನ ನಾನು ಹತ್ತೊಂಬತ್ತು ವರ್ಷದಲ್ಲೇ ನುಂಗಿದೀನಿ ಕಣೋ" ಅಂದಳು. ಊರ ಜಾತ್ರೆಯ ದಿನ ಮುಟ್ಟಾಗಬಾರದು ಅಂತ ಅವ್ವನೇ ಮೆಡಿಕಲ್ ಸ್ಟೋರಿನಿಂದ ತರಿಸಿಕೊಟ್ಟಿದ್ದಂತೆ. ಚೀಟಿ ಇಲ್ಲ, ಡಾಕ್ಟರಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ತೊಂದರೆ ಇರುವವರಿಗೆ ಈ ಮಾತ್ರೆ ಅಪಾಯ ಅಂತ ಆಗ ಯಾರೂ ಕೇಳಲಿಲ್ಲ. ದೇವರ ಕೆಲಸಕ್ಕೆ ಆಗ ಯೋಚನೆ ಮಾಡದೆ ನುಂಗಿದ್ದನ್ನೇ, ತನ್ನ ಮೈಗೆ ಬೇಕಾದಾಗ ಕೆಮಿಕಲ್ ಅಂತ ಬೇಡ ಅಂದಿದ್ದಳು.

ಹೋದ ಚಳಿಗಾಲದಲ್ಲಿ ಊರಿಗೆ ಹೋಗಿದ್ದೆವು. ಸಂತೆಯಲ್ಲಿ ಹಾಡಿಯ ಹೆಂಗಸೊಬ್ಬರು ಗೋಣಿಚೀಲ ಹಾಸಿ ನೂರೆ ಇಟ್ಟುಕೊಂಡು ಕೂತಿದ್ದರು, ಗೆಡ್ಡೆಗೆ ಇನ್ನೂ ಕೆಂಪು ಮಣ್ಣು ಅಂಟಿತ್ತು. ಸೊಪ್ಪಿನವರ ಹತ್ತಿರ ಐದು ರೂಪಾಯಿಗೆ ಕಾಲುಗಂಟೆ ಚೌಕಾಸಿ ಮಾಡುವ ಅಕ್ಕ, ಕೇಳಿದಷ್ಟು ಕೊಟ್ಟು ಎರಡು ಕಿಲೋ ತಗೊಂಡಳು. "ತಲೆ ವಾಪಸ್ ನೆಟ್ರಾ ಅಕ್ಕಾ?" ಅಂತ ನಾನು ಕೇಳಿದೆ. ಅವರು ನಕ್ಕು, "ಇಲ್ದಿದ್ರೆ ಮುಂದಿನ ವರ್ಸ ನಿಮ್ಗೇನು ತರ್ಲಿ?" ಅಂದರು.

ಮನೆಗೆ ತಂದು ಉಪ್ಪು ಹಾಕಿ ಬೇಯಿಸಿ, ಬೆಲ್ಲ ನಂಚಿಕೊಂಡು ತಿಂದೆವು. ಔಷಧಿಗಂತ ಅಲ್ಲ, ಹಸಿವಿಗೆ.